ಮೊದಲು ತೊಳೆ, ಆಮೇಲೆ ಕೊಲ್ಲು

ಮನೆಯಲ್ಲಿ ಬಿಯರ್ ಮಾಡುವುದೆಂದರೆ ದಿನವಿಡೀ ಪಾತ್ರೆ ತೊಳೆಯುವುದು. ನಡುನಡುವೆ ಬಿಡುವಾದಾಗ ಬಾರ್ಲಿ ಬೇಯಿಸುವುದು. ಈ ಹವ್ಯಾಸಕ್ಕೆ ಹೊಸದಾಗಿ ಬಂದವರಿಗೆ ಇದು ಗೊತ್ತಿರುವುದಿಲ್ಲ. ಅವರ ತಲೆಯಲ್ಲಿ ಹಾಪ್ಸ್ ಹೂವಿನ ಪರಿಮಳ, ಹುರಿದ ಬಾರ್ಲಿಯ ಬಣ್ಣ, ಯೀಸ್ಟಿನ ತಳಿ ಇವೇ ತುಂಬಿರುತ್ತವೆ. ಮೊದಲ ಕೆಲವು ಬ್ಯಾಚುಗಳು ಚೆನ್ನಾಗಿಯೇ ಬರುತ್ತವೆ, ಏಕೆಂದರೆ ಸಾಮಾನೆಲ್ಲ ಹೊಸದು. ಆಮೇಲೊಂದು ದಿನ ಡಬ್ಬದ ಮುಚ್ಚಳ ತೆಗೆದರೆ ಬಿಯರಿನ ಮೇಲೆ ಸುಕ್ಕುಗಟ್ಟಿದ ಬಿಳಿಯ ಪೊರೆ. ಚೆಲ್ಲಿ, ಡಬ್ಬ ತೊಳೆದು, ಮತ್ತೆ ಮಾಡುತ್ತಾರೆ. ಮತ್ತೆ ಅದೇ ಪೊರೆ. ಆಗ ಅಂಗಡಿಗೆ ಓಡಿ ಇನ್ನೂ ಕಟುವಾದ ಔಷಧಿ ತರುತ್ತಾರೆ. ಎಡವುವುದು ಅಲ್ಲೇ. ಕೆಟ್ಟ ಸಾಮಾನು ಸರಿಹೋಗುವುದು ಬಿಚ್ಚಿ, ನೆನೆಸಿ, ಉಜ್ಜಿ ತೊಳೆಯುವ ಬೇಸರದ ಕೆಲಸದಿಂದ. ಔಷಧಿಯ ಸರದಿ ಬರುವುದು ಅದಾದ ಮೇಲೆ.

ಈ ಲೇಖನದಲ್ಲಿ ಬರುವ ಹಂಡೆ, ಡಬ್ಬ, ಪೈಪುಗಳೆಲ್ಲ ಅಮೆರಿಕದ ಗ್ಯಾರೇಜುಗಳವು ಎಂದು ಮೊದಲೇ ಹೇಳಿಬಿಡುತ್ತೇನೆ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ, ಬಿಯರಿಗೂ ವಿನಾಯಿತಿಯಿಲ್ಲ. ಅಮೆರಿಕದಲ್ಲಿ 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆಯಿಂದ ಮನೆಯಲ್ಲಿ ಬಿಯರ್ ಮಾಡುವುದು ಕೇಂದ್ರದ ಮಟ್ಟದಲ್ಲಿ ಸಕ್ರಮವಾಯಿತು. ವಯಸ್ಕರೊಬ್ಬರೇ ಇರುವ ಮನೆಯಲ್ಲಿ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಮಂದಿ ಇದ್ದರೆ 200 ಗ್ಯಾಲನ್, ತೆರಿಗೆಯಿಲ್ಲದೆ. ರಾಜ್ಯಗಳು ಒಂದೊಂದಾಗಿ ಒಪ್ಪುತ್ತ ಬಂದು, ಕೊನೆಗೆ ಅಲಬಾಮ ಮತ್ತು ಮಿಸಿಸಿಪ್ಪಿ 2013ರಲ್ಲಿ ಒಪ್ಪಿದವು. ಅಲ್ಲಿ ನೆಲೆಸಿದ ಕನ್ನಡಿಗರಲ್ಲೂ ಈ ಗೀಳು ಹತ್ತಿಸಿಕೊಂಡವರಿದ್ದಾರೆ. ಈ ಮಾತುಗಳು ಮುಖ್ಯವಾಗಿ ಅವರಿಗೆ. ಜೊತೆಗೆ, ಹುದುಗುವ ಪದಾರ್ಥ ಯಾಕೆ ಕೆಡುತ್ತದೆ ಎಂದು ತಿಳಿಯುವ ಕುತೂಹಲವಿರುವ ಎಲ್ಲರಿಗೂ.

ಬಿಯರ್ ಮಾಡುವ ಕ್ರಮ ಸರಳ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ನುಚ್ಚು ಮಾಡಿ ಬಿಸಿನೀರಿನಲ್ಲಿ ನೆನೆಹಾಕಿದರೆ ಅದರ ಪಿಷ್ಟ ಸಕ್ಕರೆಯಾಗುತ್ತದೆ. ಸೋಸಿ ಬಂದ ಸಿಹಿನೀರಿಗೆ ವರ್ಟ್ ಎಂದು ಹೆಸರು. ಅದಕ್ಕೆ ಹಾಪ್ಸ್ ಹಾಕಿ ಸುಮಾರು ಒಂದು ಗಂಟೆ ಕುದಿಸಿ, 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ತಣಿಸಿ, ಯೀಸ್ಟ್ ಬೆರೆಸಿ ಮುಚ್ಚಿಡುತ್ತಾರೆ. ಒಂದು ಬ್ಯಾಚೆಂದರೆ ವಾಡಿಕೆಯಲ್ಲಿ 5 ಗ್ಯಾಲನ್, ಸುಮಾರು 19 ಲೀಟರ್. ಕುದಿಯುವವರೆಗಿನ ಪಾತ್ರೆಗಳು ಕಣ್ಣಿಗೆ ಚೊಕ್ಕಟವಾಗಿದ್ದರೆ ಸಾಕು, ಮಿಕ್ಕಿದ್ದನ್ನು ಬೆಂಕಿ ನೋಡಿಕೊಳ್ಳುತ್ತದೆ. ಆತಂಕ ಶುರುವಾಗುವುದು ವರ್ಟ್ ತಣ್ಣಗಾದ ಮೇಲೆ. ಸಕ್ಕರೆ, ಪ್ರೋಟೀನು, ಹದವಾದ ಉಷ್ಣತೆ ಎಲ್ಲ ಅಲ್ಲಿದೆ, ಹಾಕಿದ ಯೀಸ್ಟ್ ಇನ್ನೂ ಮೈಮುರಿದು ಎದ್ದಿಲ್ಲ. ಆ ಹೊತ್ತಿನಲ್ಲಿ ಪಾತ್ರೆಯ ಅಂಚಿನಲ್ಲಿ, ನಲ್ಲಿಯ ಸಂದಿನಲ್ಲಿ ಕಾಯುತ್ತಿದ್ದವರೆಲ್ಲ ಊಟಕ್ಕೆ ಇಳಿಯುತ್ತಾರೆ.

ಇಳಿಯುವವರಲ್ಲಿ ಮೊದಲಿಗರು ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾಗಳು. ನಮ್ಮ ದೋಸೆಹಿಟ್ಟನ್ನು ಹುಳಿ ಬರಿಸುವುದೂ ಮೊಸರನ್ನು ಹೆಪ್ಪುಗಟ್ಟಿಸುವುದೂ ಇದೇ ಬಳಗ. ಹಾಪ್ಸಿನ ಕಹಿ ಇವುಗಳಲ್ಲಿ ಹೆಚ್ಚಿನವನ್ನು ಅದುಮಿಡುತ್ತದೆ. ಅಡುಗೆಮನೆಯಲ್ಲಿ ಮೊಸರಿದೆ ಎಂದಮಾತ್ರಕ್ಕೆ ಬಿಯರ್ ಹುಳಿಯಾಗುವುದಿಲ್ಲ. ಆದರೆ ಕಹಿಗೆ ಜಗ್ಗದ ತಳಿಗಳೂ ಇವೆ, ಲ್ಯಾಕ್ಟೋಬ್ಯಾಸಿಲಸ್ ಬ್ರೆವಿಸ್ ಎಂಬುದು ಅಂಥದ್ದು. ಅದರ ದಾಯಾದಿ ಪೀಡಿಯೊಕಾಕಸ್ ಹುಳಿಯ ಜೊತೆಗೆ ಕಮಟು ಬೆಣ್ಣೆಯಂಥ ವಾಸನೆ ತರುತ್ತದೆ. ಜೋರು ಹಿಡಿದರೆ ಬಿಯರ್ ಲೋಳೆಲೋಳೆಯಾಗಿ ಎಳೆ ಬಿಡುತ್ತದೆ. ಗಾಳಿಯಾಡಿದ ಕಡೆ ಅಸಿಟೊಬ್ಯಾಕ್ಟರ್ ಕುಳಿತು ಮದ್ಯಸಾರವನ್ನು ವಿನೆಗರ್ ಮಾಡುತ್ತದೆ. ಕಾಡು ಯೀಸ್ಟ್ ಹೊಕ್ಕರೆ ಲವಂಗದ ಘಾಟು, ಇಲ್ಲವೇ ಗಾಯಕ್ಕೆ ಸುತ್ತುವ ಪಟ್ಟಿಯ ವಾಸನೆ.

ಹೀಗೆ ಕೆಟ್ಟ ಬಿಯರನ್ನು ಕುಡಿದರೆ ಕಾಯಿಲೆ ಬರುತ್ತದೆಯೇ? ಸಾಮಾನ್ಯವಾಗಿ ಇಲ್ಲ. ಮದ್ಯಸಾರ, ಹಾಪ್ಸಿನ ಕಹಿ, 4ರಿಂದ 4.5ರ ಪಿಎಚ್, ಕರಗಿದ ಇಂಗಾಲದ ಡೈಆಕ್ಸೈಡ್, ಆಮ್ಲಜನಕದ ಕೊರತೆ ಇವೆಲ್ಲ ಸೇರಿ, ಮನುಷ್ಯನಿಗೆ ರೋಗ ತರುವ ಸೂಕ್ಷ್ಮಜೀವಿಗಳು ಹುದುಗಿದ ಬಿಯರಿನಲ್ಲಿ ಬೆಳೆಯದಂತೆ ತಡೆಯುತ್ತವೆ. ನಷ್ಟ ಏನಿದ್ದರೂ ರುಚಿಯದು. ಒಂದು ಅಪಾಯ ಮಾತ್ರ ನಿಜವಾದದ್ದು. ಡಯಾಸ್ಟಾಟಿಕಸ್ ಎಂಬ ಬಗೆಯ ಯೀಸ್ಟ್ ಇದೆ. ಮಾಮೂಲಿ ಬ್ರೂಯಿಂಗ್ ಯೀಸ್ಟಿಗೆ ಜೀರ್ಣವಾಗದ ಉದ್ದ ಸರಪಣಿಯ ಸಕ್ಕರೆಗಳನ್ನೂ ಕತ್ತರಿಸಿ ತಿನ್ನುವ ಕಿಣ್ವ ಅದರ ಬಳಿ ಇರುತ್ತದೆ. ಹುದುಗುವುದು ಮುಗಿಯಿತೆಂದು ಬಾಟಲಿಗೆ ತುಂಬಿ ಬಿರಡೆ ಹಾಕಿದ ಮೇಲೂ ಅದು ವಾರಗಟ್ಟಲೆ ನಿಧಾನವಾಗಿ ಕೆಲಸ ನಡೆಸುತ್ತದೆ. ಒಳಗೆ ಅನಿಲ ತುಂಬುತ್ತ ತುಂಬುತ್ತ ಗಾಜು ಸಿಡಿಯುತ್ತದೆ. ಮುಚ್ಚಳ ತೆಗೆದ ಕೂಡಲೇ ಬಿಯರ್ ಕಾರಂಜಿಯಂತೆ ಚಿಮ್ಮಿದರೆ, ಉಳಿದ ಬಾಟಲಿಗಳನ್ನು ಬರಿಗೈಯಲ್ಲಿ ಮುಟ್ಟಬಾರದು. ಕಣ್ಣಿಗೆ ಕನ್ನಡಕ, ಕೈಗೆ ದಪ್ಪ ಗವಸು ಹಾಕಿಕೊಂಡು ಮೊದಲು ತಣ್ಣಗೆ ಮಾಡಿ, ಮೇಲೆ ಬಟ್ಟೆ ಮುಚ್ಚಿ, ಆಮೇಲೆ ಒಂದೊಂದೇ ಬಿಚ್ಚಬೇಕು.

ಈ ಶತ್ರುಗಳ ಗುರುತು ಸಿಕ್ಕಿದ ಕಥೆಯೇ ಸೂಕ್ಷ್ಮಜೀವಿಶಾಸ್ತ್ರದ ಚರಿತ್ರೆಯ ಒಂದು ತುಂಡು. 1856ರಲ್ಲಿ ಫ್ರಾನ್ಸಿನ ಲಿಲ್ ಪಟ್ಟಣದ ಒಬ್ಬ ಕಾರ್ಖಾನೆದಾರ ತನ್ನ ಬೀಟ್‌ರೂಟಿನ ಮದ್ಯಸಾರ ಹುಳಿಯಾಗುತ್ತಿದೆ ಎಂದು ಲೂಯಿ ಪಾಶ್ಚರ್ ಬಳಿ ಹೋದ. ಪಾಶ್ಚರ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಚೆನ್ನಾಗಿದ್ದ ತೊಟ್ಟಿಯಲ್ಲಿ ದುಂಡನೆಯ ಯೀಸ್ಟ್ ಕಣಗಳು, ಕೆಟ್ಟ ತೊಟ್ಟಿಯಲ್ಲಿ ಕಡ್ಡಿಯಾಕಾರದ ಚಿಕ್ಕ ಜೀವಿಗಳು. 1871ರಲ್ಲಿ ಲಂಡನ್ನಿಗೆ ಹೋಗಿ ವಿಟ್‌ಬ್ರೆಡ್ ಬ್ರೂವರಿಯ ಯೀಸ್ಟನ್ನೂ ಹೀಗೇ ಪರೀಕ್ಷಿಸಿದರು. ಬಿಯರಿನ ಬಗೆಗಿನ ಅವರ ಪುಸ್ತಕ 1876ರಲ್ಲಿ ಬಂತು. ಇದಾಗಿ ಕೆಲವೇ ವರ್ಷಕ್ಕೆ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬ್ರೂವರಿಯ ಬಿಯರ್ ಹಾಳಾಗತೊಡಗಿತು. ಅಲ್ಲಿನ ಪ್ರಯೋಗಾಲಯದ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸೆನ್ ಕಂಡುಕೊಂಡದ್ದು ಪಾಶ್ಚರರಿಗಿಂತ ಒಂದು ಹೆಜ್ಜೆ ಮುಂದಿನದು: ಹಾಳು ಮಾಡುತ್ತಿದ್ದುದು ಬ್ಯಾಕ್ಟೀರಿಯಾ ಅಲ್ಲ, ಒಳ್ಳೆಯ ಯೀಸ್ಟಿನ ನಡುವೆ ನುಸುಳಿದ ಕಾಡು ಯೀಸ್ಟ್. 1883ರಲ್ಲಿ ಅವರು ಒಂದೇ ಒಂದು ಕೋಶದಿಂದ ಶುದ್ಧ ತಳಿ ಬೆಳೆಸಿದರು. ಬ್ರೂವರಿಯ ಒಡೆಯ ಜೇಕಬ್‌ಸನ್ ಅದನ್ನು ಗುಟ್ಟಾಗಿ ಇಟ್ಟುಕೊಳ್ಳದೆ ಕೇಳಿದ ಬ್ರೂವರಿಗಳಿಗೆ ಹಂಚಿದರು. ವ್ಯಾಪಾರದಲ್ಲಿ ಇಂಥ ದೊಡ್ಡ ಮನಸ್ಸು ಅಪರೂಪ.

ದೊಡ್ಡವರೂ ಇನ್ನೂ ಇದರಿಂದ ಪೂರ್ತಿ ಪಾರಾಗಿಲ್ಲ. ಷಿಕಾಗೊದ ಗೂಸ್ ಐಲ್ಯಾಂಡ್ ಬ್ರೂವರಿ 2015ರಲ್ಲಿ ಹೊರತಂದ ಬರ್ಬನ್ ಕೌಂಟಿ ಬಿಯರುಗಳಲ್ಲಿ ಕೆಲವು ಹುಳಿ ತಿರುಗಿದವು. ಕಾರಣ ಲ್ಯಾಕ್ಟೋಬ್ಯಾಸಿಲಸ್ ಅಸಿಟೊಟಾಲೆರನ್ಸ್ ಎಂದು ಗೊತ್ತಾಯಿತು. ಕಂಪನಿ ಗ್ರಾಹಕರಿಗೆ ಹಣ ಮರಳಿಸಿತು. ಮುಂದಿನ ವರ್ಷದಿಂದ ಆ ಬಿಯರನ್ನು ಪಾಶ್ಚರೀಕರಿಸತೊಡಗಿತು. ಪ್ರಯೋಗಾಲಯ, ತಜ್ಞರು ಎಲ್ಲ ಇದ್ದ ಕಡೆಯೇ ಹೀಗಾದರೆ, ಗ್ಯಾರೇಜಿನಲ್ಲಿ ಒಂದು ಬ್ಯಾಚು ಕೆಟ್ಟಿತೆಂದು ತಲೆ ಚಚ್ಚಿಕೊಳ್ಳಬೇಕಿಲ್ಲ.

ಕೆಟ್ಟದ್ದು ಎಲ್ಲಿ ಎಂಬ ಪತ್ತೇದಾರಿಕೆ ಮೊದಲು ಆಗಬೇಕು. ಒಂದು ಬ್ಯಾಚಿನ ಐವತ್ತು ಬಾಟಲಿಯಲ್ಲಿ ಮೂರೋ ನಾಲ್ಕೋ ಮಾತ್ರ ಹುಳಿಯಾಗಿದ್ದರೆ ತಪ್ಪು ಆ ಬಾಟಲಿಗಳದ್ದು, ತಳದಲ್ಲಿ ಹಳೆಯ ಗಸಿ ಅಂಟಿಕೊಂಡಿರುತ್ತದೆ. ಎಲ್ಲವೂ ಒಂದೇ ಸಮ ಕೆಟ್ಟಿದ್ದರೆ ರೋಗ ಮೇಲ್ಗಡೆ ಇದೆ: ಹುದುಗಿಸುವ ಡಬ್ಬ, ಅದರ ನಲ್ಲಿ, ಬಿಯರ್ ಸಾಗಿಸುವ ಪೈಪು, ಇಲ್ಲವೇ ಬಾಟಲಿ ತುಂಬುವ ಬಕೆಟ್ಟು. ಡಬ್ಬದಲ್ಲಿದ್ದಾಗ ರುಚಿ ನೋಡಿ ಚೆನ್ನಾಗಿತ್ತು, ಬಾಟಲಿಗೆ ಇಳಿದ ಮೇಲೆ ಕೆಟ್ಟಿತು ಎನ್ನುವುದಾದರೆ ತುಂಬುವ ಸಾಮಾನಿನ ಮೇಲೆಯೇ ಗುಮಾನಿ. ಇನ್ನೊಂದು ಪರೀಕ್ಷೆ ಬ್ರೂವರಿಗಳಲ್ಲಿ ಬಹುಕಾಲದಿಂದ ಇದೆ. ತಣಿಸಿದ ವರ್ಟನ್ನು ಯೀಸ್ಟ್ ಹಾಕುವ ಮೊದಲೇ ಒಂದಿಷ್ಟು ತೆಗೆದು, ಕುದಿಸಿ ಇಟ್ಟ ಗಾಜಿನ ಸೀಸೆಯಲ್ಲಿ ಸಡಿಲವಾಗಿ ಮುಚ್ಚಿ ಬೆಚ್ಚನೆಯ ಜಾಗದಲ್ಲಿಡುವುದು. ಮೂರು ದಿನ ತಿಳಿಯಾಗಿಯೇ ನಿಂತರೆ ಆ ಹಂತದವರೆಗೆ ಎಲ್ಲ ಸರಿಯಿದೆ. ಒಂದೇ ದಿನದಲ್ಲಿ ಕದಡಿ ನೊರೆಯೆದ್ದರೆ ವರ್ಟ್ ತಣಿಸುವ ಕೊಳವೆಯಲ್ಲೇ ಏನೋ ಮನೆ ಮಾಡಿದೆ. ಸೀಸೆಯದನ್ನು ಕುಡಿಯಬಾರದು, ಚೆಲ್ಲಿಬಿಡಬೇಕು. ಹುದುಗದ ವರ್ಟಿಗೆ ಬಿಯರಿನ ರಕ್ಷಣೆ ಇರುವುದಿಲ್ಲ.

ಈಗ ತೊಳೆಯುವ ವಿಚಾರ. ತೊಳೆಯುವುದು ಮತ್ತು ಸ್ಯಾನಿಟೈಸ್ ಮಾಡುವುದು ಎರಡು ಬೇರೆ ಕೆಲಸ. ತೊಳೆದರೆ ಮಣ್ಣು, ಜಿಡ್ಡು, ಒಣಗಿದ ಯೀಸ್ಟ್ ಹೋಗುತ್ತದೆ. ಸ್ಯಾನಿಟೈಸರ್ ಆಮೇಲೆ ಉಳಿದ ಸೂಕ್ಷ್ಮಜೀವಿಗಳನ್ನು ನಿರುಪದ್ರವಿ ಎನ್ನುವಷ್ಟಕ್ಕೆ ಇಳಿಸುತ್ತದೆ. ಅಮೆರಿಕದಲ್ಲಿ ಆಹಾರ ತಾಗುವ ಮೇಲ್ಮೈಗೆ ಬಳಸುವ ಸ್ಯಾನಿಟೈಸರ್ ಪರೀಕ್ಷೆಗೊಡ್ಡಿದ ಬ್ಯಾಕ್ಟೀರಿಯಾಗಳಲ್ಲಿ ಶೇಕಡಾ 99.999ರಷ್ಟನ್ನು 30 ಸೆಕೆಂಡಿನಲ್ಲಿ ಕೊಲ್ಲಬೇಕು ಎಂಬ ಅಳತೆಗೋಲಿದೆ. ಆ ಪರೀಕ್ಷೆ ನಡೆಯುವುದು ಪ್ರಯೋಗಾಲಯದ ಶಿಸ್ತಿನಲ್ಲಿ. ಬಳಸಿ ಬಿಟ್ಟ ಬಕೆಟ್ಟಿನಲ್ಲಿ ಹಾಗಿರುವುದಿಲ್ಲ. ಬ್ಯಾಕ್ಟೀರಿಯಾಗಳು ಗೋಡೆಗೆ ಅಂಟಿಕೊಂಡು ತಮ್ಮ ಸುತ್ತ ಲೋಳೆಯ ಪದರ ಕಟ್ಟಿಕೊಳ್ಳುತ್ತವೆ. ಔಷಧಿ ಆ ಲೋಳೆಯ ಮೇಲ್ಪದರದಲ್ಲೇ ಖರ್ಚಾಗಿಹೋಗುತ್ತದೆ, ತಳದಲ್ಲಿದ್ದವು ಬದುಕಿಕೊಳ್ಳುತ್ತವೆ. ಗಲೀಜು ಬಕೆಟ್ಟಿಗೆ ಸ್ಯಾನಿಟೈಸರ್ ಸುರಿಯುವುದು ಜಿಡ್ಡು ಬಾಣಲೆಗೆ ಪನ್ನೀರು ಚಿಮುಕಿಸಿದ ಹಾಗೆ.

ತೊಳೆಯುವುದಕ್ಕೂ ಒಂದು ಲೆಕ್ಕಾಚಾರವಿದೆ. ಜರ್ಮನಿಯ ಹೆಂಕೆಲ್ ಕಂಪನಿಯಲ್ಲಿದ್ದ ಹರ್ಬರ್ಟ್ ಸಿನ್ನರ್ ಅದನ್ನು ಒಂದು ವೃತ್ತವಾಗಿ ಬರೆದು ತೋರಿಸಿದರು: ರಸಾಯನ, ಬಿಸಿ, ಉಜ್ಜುವ ಬಲ, ಸಮಯ. ನಾಲ್ಕರಲ್ಲಿ ಒಂದನ್ನು ಕಡಿಮೆ ಮಾಡಿದರೆ ಉಳಿದವನ್ನು ಹೆಚ್ಚಿಸಬೇಕು. ಪ್ಲಾಸ್ಟಿಕ್ ಡಬ್ಬವನ್ನು ಗಟ್ಟಿಯಾಗಿ ಉಜ್ಜುವಂತಿಲ್ಲ, ಗೀರು ಬಿದ್ದರೆ ಅದೇ ಮುಂದಿನ ಬ್ಯಾಕ್ಟೀರಿಯಾಗಳ ವಠಾರ. ಕುದಿಯುವ ನೀರನ್ನೂ ಹಾಕುವಂತಿಲ್ಲ, ಪೆಟ್ ಪ್ಲಾಸ್ಟಿಕ್ಕಿನ ಡಬ್ಬ ಸೊಟ್ಟಗಾಗುತ್ತದೆ. ಹಾಗಾದರೆ ಉಳಿದದ್ದು ರಸಾಯನ ಮತ್ತು ಸಮಯ. ರಾತ್ರಿ ನೆನೆಹಾಕಿ ಮಲಗಿಬಿಡುವುದೇ ಜಾಣತನ.

ನೆನೆಹಾಕುವುದು ಯಾವುದರಲ್ಲಿ? ಹವ್ಯಾಸಿಗಳಿಗೆ ನನ್ನ ಆಯ್ಕೆ ಸೋಡಿಯಂ ಪರ್‌ಕಾರ್ಬೊನೇಟ್ ಇರುವ ಪುಡಿ. ನೀರಿಗೆ ಬಿದ್ದರೆ ಅದು ವಾಷಿಂಗ್ ಸೋಡ ಮತ್ತು ಹೈಡ್ರೋಜನ್ ಪೆರಾಕ್ಸೈಡಾಗಿ ಒಡೆಯುತ್ತದೆ. ಸೋಡ ಜಿಡ್ಡನ್ನು ಸಡಿಲಿಸುತ್ತದೆ, ಪೆರಾಕ್ಸೈಡಿನ ಗುಳ್ಳೆ ಕೊಳೆಯನ್ನು ಎಬ್ಬಿಸುತ್ತದೆ. ಪಿಬಿಡಬ್ಲ್ಯೂ ಎಂಬ ಹೆಸರಿನಲ್ಲಿ ಬ್ರೂವರಿಗಳಿಗೆಂದೇ ಮಾರುವ ಪುಡಿಯ ತಿರುಳೂ ಇದೇ, ಜೊತೆಗೆ ಮೆಟಾಸಿಲಿಕೇಟ್ ಇರುತ್ತದೆ. ಸುಮಾರು 50 ಡಿಗ್ರಿಯ ನೀರಿನಲ್ಲಿ ಕಲಸಿದರೆ ಚುರುಕಾಗಿ ಕೆಲಸ ಮಾಡುತ್ತದೆ. ಪಾತ್ರೆ ತೊಳೆಯುವ ಘಮಘಮ ಲಿಕ್ವಿಡ್ ಬೇಡ, ಅದರ ಪರಿಮಳ ಪ್ಲಾಸ್ಟಿಕ್ಕಿಗೆ ಹತ್ತಿಕೊಳ್ಳುತ್ತದೆ, ಉಳಿದ ಲಿಕ್ವಿಡ್ ಬಿಯರಿನ ನೊರೆಯನ್ನೂ ಕೂರಿಸುತ್ತದೆ. ಕಾಸ್ಟಿಕ್ ಸೋಡ ದೊಡ್ಡ ಬ್ರೂವರಿಗಳ ಆಯುಧ, ಮನೆಯವರಿಗೆ ಅಗತ್ಯವಿಲ್ಲ. ಚರ್ಮ ಸುಡುತ್ತದೆ, ಕಣ್ಣು ಕಳೆಯುತ್ತದೆ. ಅಲ್ಯೂಮಿನಿಯಂ ಹಂಡೆಗೆ ಹಾಕಿದರೆ ಲೋಹವನ್ನೇ ತಿಂದು ಹೈಡ್ರೋಜನ್ ಅನಿಲ ಬಿಡುತ್ತದೆ.

ಸ್ಟೀಲ್ ಪಾತ್ರೆಯ ಒಳಗೋಡೆಯಲ್ಲಿ ಕಂದು ಛಾಯೆಯ ಒರಟು ಪದರ ಕೈಗೆ ತಗುಲಿದರೆ ಅದು ಬಿಯರ್‌ಸ್ಟೋನ್. ಮುಖ್ಯವಾಗಿ ಕ್ಯಾಲ್ಸಿಯಂ ಆಕ್ಸಲೇಟ್, ನಡುವೆ ಸಿಕ್ಕಿಕೊಂಡ ಪ್ರೋಟೀನು. ಸೋಡ ಬಗೆಯ ಪುಡಿಗಳಿಗೆ ಇದು ಸುಲಭವಾಗಿ ಬಗ್ಗುವುದಿಲ್ಲ, ಆಮ್ಲದಲ್ಲಿ ತೊಳೆಯಬೇಕು. ಫಾಸ್ಫಾರಿಕ್ ಆಮ್ಲವುಳ್ಳ ಕ್ಲೀನರುಗಳು ಇದಕ್ಕೆಂದೇ ಸಿಗುತ್ತವೆ. ಎಲ್ಲ ಆದ ಮೇಲೆ ಶುದ್ಧ ನೀರು ಹಾಯಿಸಿ ನೋಡಿ. ನೀರು ತೆಳ್ಳಗೆ ಹಾಳೆಯಾಗಿ ಇಳಿದುಹೋದರೆ ಗೋಡೆ ಸ್ವಚ್ಛ. ಅಲ್ಲಲ್ಲಿ ಹನಿಹನಿಯಾಗಿ ನಿಂತರೆ ಇನ್ನೂ ಜಿಡ್ಡಿದೆ, ಮತ್ತೊಮ್ಮೆ ತೊಳೆಯಿರಿ.

ಡಬ್ಬದ ಗೋಡೆ ತೊಳೆದು ಕೈ ಒರೆಸಿಕೊಳ್ಳುವವರೇ ಹೆಚ್ಚು. ಮರುಕಳಿಸುವ ಸೋಂಕು ಗೋಡೆಯಲ್ಲಿ ಇರುವುದು ಕಡಿಮೆ. ಬಾಟಲಿ ತುಂಬುವ ಬಕೆಟ್ಟಿನ ಪ್ಲಾಸ್ಟಿಕ್ ನಲ್ಲಿಯನ್ನು ಎಳೆದು ಎರಡು ತುಂಡು ಮಾಡಿ ನೋಡಿ. ಒಳಗಿನ ಕೊಳವೆಗೂ ಹೊರಗಿನ ಕವಚಕ್ಕೂ ನಡುವೆ ಅಂಟುಅಂಟಾದ ಕಂದು ಲೇಪ ಕಂಡರೆ ಕಳ್ಳ ಸಿಕ್ಕಿದ. ಹಂಡೆಗೆ ಕೂರಿಸಿದ ಸ್ಟೀಲ್ ಬಾಲ್‌ವಾಲ್ವಿನ ಕತೆಯೂ ಇದೇ. ಗುಂಡಿನ ಹಿಂಬದಿಯ ಪೊಳ್ಳಿನಲ್ಲಿ ಹಳೆಯ ವರ್ಟ್ ನಿಂತಿರುತ್ತದೆ, ಮೂರು ತುಂಡಾಗಿ ಬಿಚ್ಚಲು ಬರುವ ವಾಲ್ವಾದರೆ ಮಾತ್ರ ಅದನ್ನು ತಲುಪಬಹುದು. ಸೈಫನ್ ಕೊಳವೆಯ ತುದಿಯ ರಬ್ಬರು, ಅನಿಲ ಹೊರಬಿಡುವ ಏರ್‌ಲಾಕ್ ಸಿಕ್ಕಿಸುವ ಬುಶ್, ಮುಚ್ಚಳದ ಅಂಚಿನ ಗ್ಯಾಸ್ಕೆಟ್ ಇವನ್ನೆಲ್ಲ ಕಳಚಬೇಕು. ಸೋಡಾ ಕಂಪನಿಗಳು ಹಿಂದೆ ಸಿರಪ್ ಸಾಗಿಸುತ್ತಿದ್ದ ಕಾರ್ನೀಲಿಯಸ್ ಕೆಗ್‌ಗಳು ಈಗ ಹವ್ಯಾಸಿಗಳ ಅಚ್ಚುಮೆಚ್ಚು. ಒಂದೊಂದರಲ್ಲೂ ಐದು ರಬ್ಬರ್ ಉಂಗುರಗಳಿರುತ್ತವೆ. ಐದನ್ನೂ ತೆಗೆದು, ಒಳಗಿನ ಉದ್ದ ನಳಿಗೆಗೆ ಸಪೂರ ಬ್ರಷ್ ಹಾಯಿಸಬೇಕು. ವರ್ಟ್ ತಣಿಸುವ ಪ್ಲೇಟ್ ಚಿಲ್ಲರ್ ಬಗ್ಗೆ ನನಗೆ ಪ್ರೀತಿಯಿಲ್ಲ. ಬಿಚ್ಚಲು ಬರದ ಆ ಲೋಹದ ಇಟ್ಟಿಗೆಯೊಳಗೆ ಹಾಪ್ಸಿನ ಚೂರು ಸಿಕ್ಕಿಕೊಂಡರೆ ಅದು ಅಲ್ಲೇ ಕೊಳೆಯುತ್ತದೆ. ಬಳಸಿದ ಕೂಡಲೇ ಹಿಮ್ಮುಖವಾಗಿ ನೀರು ಹಾಯಿಸಿ, ಬಿಸಿ ಕ್ಲೀನರ್ ಸುತ್ತಿಸಿ ಇಡದಿದ್ದರೆ ಅದು ಬೇಡವೇ ಬೇಡ. ಹಂಡೆಯಲ್ಲಿ ಮುಳುಗಿಸುವ ತಾಮ್ರದ ಸುರುಳಿಯೇ ಮೇಲು. ಅದನ್ನು ಕುದಿ ಮುಗಿಯಲು ಕಾಲು ಗಂಟೆ ಇರುವಾಗ ವರ್ಟಿಗೆ ಇಳಿಸಿದರೆ ತಾನೇ ಶುದ್ಧವಾಗುತ್ತದೆ.

ಇಷ್ಟಾದ ಮೇಲೆ ಸ್ಯಾನಿಟೈಸರ್. ಅಮೆರಿಕದ ಹವ್ಯಾಸಿಗಳು ಹೆಚ್ಚಾಗಿ ಬಳಸುವುದು ಸ್ಟಾರ್ ಸ್ಯಾನ್. ಫಾಸ್ಫಾರಿಕ್ ಆಮ್ಲ ಮತ್ತು ಸಾಬೂನಿನಂಥ ಒಂದು ಸಲ್ಫೋನಿಕ್ ಆಮ್ಲದ ಮಿಶ್ರಣವದು. 19 ಲೀಟರ್ ನೀರಿಗೆ ಸುಮಾರು 30 ಎಂಎಲ್. ಒಂದೆರಡು ನಿಮಿಷ ಒದ್ದೆಯಾಗಿದ್ದರೆ ಸಾಕು, ಮತ್ತೆ ನೀರಿನಲ್ಲಿ ತೊಳೆಯಬಾರದು. ರಾಶಿ ನೊರೆ ಬರುತ್ತದೆ, ಹೊಸಬರು ಗಾಬರಿಯಾಗುತ್ತಾರೆ. ಹೇಳಿದ ಪ್ರಮಾಣದಲ್ಲಿ ಬೆರೆಸಿದ್ದರೆ ಆ ನೊರೆಯಿಂದ ಬಿಯರಿಗೆ ಏನೂ ಆಗುವುದಿಲ್ಲ. ಇದು ಕೆಲಸ ಮಾಡುವುದು ದ್ರಾವಣದ ಪಿಎಚ್ 3ರ ಆಸುಪಾಸು ಅಥವಾ ಕೆಳಗಿದ್ದಾಗ. ಗಡಸು ನೀರಿನಲ್ಲಿ ಬೇಗ ಮಬ್ಬಾಗಿ ಶಕ್ತಿ ಕುಂದುತ್ತದೆ. ಶುದ್ಧೀಕರಿಸಿದ ನೀರಿನಲ್ಲಿ ಕಲಸಿದ್ದನ್ನು ಸ್ಪ್ರೇ ಬಾಟಲಿಯಲ್ಲಿಟ್ಟು, ಪಿಎಚ್ ಪಟ್ಟಿಯಲ್ಲಿ ಪರೀಕ್ಷಿಸಿ ಬಹಳ ದಿನ ಬಳಸಬಹುದು.

ಆದರೆ ಆಮ್ಲದ ಸ್ಯಾನಿಟೈಸರುಗಳು ಬ್ಯಾಕ್ಟೀರಿಯಾ ಮೇಲೆ ತೋರುವ ಪ್ರತಾಪವನ್ನು ಯೀಸ್ಟ್ ಮತ್ತು ಬೂಷ್ಟಿನ ಮೇಲೆ ತೋರುವುದಿಲ್ಲ. ಕಾಡು ಯೀಸ್ಟಿನ ಕಾಟ ಅಂಟಿಕೊಂಡ ಮನೆಯಲ್ಲಿ ಒಮ್ಮೆ ಪಕ್ಷ ಬದಲಿಸುವುದು ಒಳ್ಳೆಯದು. ಅಯೋಡೊಫೋರ್ ಇದಕ್ಕೆ ಸರಿ: 19 ಲೀಟರಿಗೆ ಸುಮಾರು 15 ಎಂಎಲ್ ಹಾಕಿದರೆ ಹತ್ತು ಲಕ್ಷಕ್ಕೆ 12.5 ಭಾಗ ಅಯೋಡಿನ್ ಸಿಗುತ್ತದೆ, ಎರಡು ನಿಮಿಷ ತಾಗಿಸಿ ಬಗ್ಗಿಸಿಟ್ಟರೆ ಆಯಿತು. ದ್ರಾವಣದ ಕಂದುಬಣ್ಣ ಮಾಸಿದರೆ ಅದರ ಆಯಸ್ಸು ಮುಗಿಯಿತೆಂದು ಅರ್ಥ. ಪ್ಲಾಸ್ಟಿಕ್ಕಿಗೆ ಕಲೆ ಹತ್ತುವುದೊಂದೇ ಕಿರಿಕಿರಿ.

ಬಟ್ಟೆಯ ಬ್ಲೀಚ್ ಅಗ್ಗ, ಕೊಲ್ಲುವುದರಲ್ಲಿ ನಿಸ್ಸೀಮ. ಲೀಟರಿಗೆ 4 ಎಂಎಲ್, 20 ನಿಮಿಷ. ಕೆಟ್ಟ ಗಾಜಿನ ಸಾಮಾನಿಗೆ ಒಮ್ಮೆ ಕೊಡುವ ಕಠಿಣ ಚಿಕಿತ್ಸೆಯಾಗಿ ಒಪ್ಪಬಹುದು, ದಿನಬಳಕೆಗೆ ಬೇಡ. ಚೂರು ಕ್ಲೋರಿನ್ ಉಳಿದರೂ ಬಾರ್ಲಿಯ ಫಿನಾಲುಗಳ ಜೊತೆ ಸೇರಿ ಕ್ಲೋರೋಫಿನಾಲ್ ಆಗುತ್ತದೆ. ಅದರ ಆಸ್ಪತ್ರೆ ವಾಸನೆ ನಾಲಿಗೆಗೆ ಗೊತ್ತಾಗಲು ಅತ್ಯಲ್ಪ ಪ್ರಮಾಣ ಸಾಕು. ಕುದಿಸಿ ಆರಿಸಿದ ನೀರಿನಲ್ಲಿ ಚೆನ್ನಾಗಿ ಜಾಲಿಸಬೇಕು. ಸ್ಟೀಲಿನಲ್ಲಿ ಬಿಟ್ಟರೆ ಗುಳಿ ಬೀಳುತ್ತದೆ. ಇನ್ನೊಂದನ್ನು ಮರೆಯಲೇಬಾರದು: ಬ್ಲೀಚ್ ಇದ್ದ ಪಾತ್ರೆಗೆ ವಿನೆಗರನ್ನಾಗಲಿ ಸ್ಟಾರ್ ಸ್ಯಾನನ್ನಾಗಲಿ ಬೆರೆಸಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಗ್ಯಾರೇಜಿನ ಬಾಗಿಲು ಮುಚ್ಚಿಕೊಂಡು ಈ ಪ್ರಯೋಗ ಮಾಡಿದವರು ಬಿಯರಿನ ಚಿಂತೆಯನ್ನೇ ಬಿಡಬೇಕಾದೀತು.

ಇವೆಲ್ಲಕ್ಕಿಂತ ನಾನು ನಂಬುವುದು ಬಿಸಿಯನ್ನು. ಔಷಧಿ ಸಂದುಗಳಿಗೆ ಹೋಗುವುದಿಲ್ಲ, ಶಾಖ ಹೋಗುತ್ತದೆ. ಬಿಚ್ಚಿದ ಸ್ಟೀಲ್ ವಾಲ್ವು, ಸ್ಕ್ರೂ, ಕೆಗ್ಗಿನ ನಳಿಗೆಗಳನ್ನು ಹದಿನೈದು ನಿಮಿಷ ಕುದಿಸಿದರೆ ಬಿಯರ್ ಕೆಡಿಸುವ ಯಾವುದೂ ಉಳಿಯದು. ಖಾಲಿ ಗಾಜಿನ ಬಾಟಲಿಗಳನ್ನು ಓವನ್ನಿನಲ್ಲಿ ನಿಧಾನವಾಗಿ 170 ಡಿಗ್ರಿಗೆ ಏರಿಸಿ ಒಂದು ಗಂಟೆ ಇಟ್ಟು, ನಿಧಾನವಾಗಿಯೇ ಆರಿಸುವ ಕ್ರಮವೂ ಇದೆ. ಹುದುಗಿಸುವ ದೊಡ್ಡ ಗಾಜಿನ ಬುರುಡೆಗೆ ಮಾತ್ರ ಬಿಸಿನೀರು ಸುರಿಯಬೇಡಿ. ಬಿರುಕು ಬಿಟ್ಟ ಗಾಜು ಕೈ ಕೊಯ್ದ ಪ್ರಕರಣಗಳು ಈ ಹವ್ಯಾಸದಲ್ಲಿ ಕಡಿಮೆಯೇನಿಲ್ಲ.

ಇಷ್ಟೆಲ್ಲ ವೈರ ಕಟ್ಟಿಕೊಂಡ ಈ ಜೀವಿಗಳನ್ನೇ ಕರೆದು ಮಣೆ ಹಾಕುವವರೂ ಇದ್ದಾರೆ. ಬ್ರಸೆಲ್ಸಿನ ಕ್ಯಾಂಟಿಲ್ಯಾನ್ ಬ್ರೂವರಿಯಲ್ಲಿ ಬಿಸಿ ವರ್ಟನ್ನು ಅಗಲವಾದ ತೆರೆದ ತೊಟ್ಟಿಯಲ್ಲಿ ರಾತ್ರಿಯಿಡೀ ಆರಲು ಬಿಡುತ್ತಾರೆ. ಗಾಳಿಯಲ್ಲಿ, ಮರದ ಪೀಪಾಯಿಗಳಲ್ಲಿ ಇರುವುದೇ ಅದನ್ನು ಹುದುಗಿಸಿ ಲ್ಯಾಂಬಿಕ್ ಎಂಬ ಬಿಯರ್ ಮಾಡುತ್ತದೆ. ಬೆಲ್ಜಿಯಂನ ಓರ್ವಾಲ್ ಮಠದ ಬಿಯರಿಗೆ ಬಾಟಲಿ ತುಂಬುವಾಗ ಬ್ರೆಟ್ಟನೊಮೈಸಿಸ್ ಎಂಬ ಕಾಡು ಯೀಸ್ಟನ್ನು ಬೇಕೆಂದೇ ಹಾಕುತ್ತಾರೆ. ಹುಳಿ ಬಿಯರಿನ ಆಸೆ ಇರುವ ಹವ್ಯಾಸಿಗಳು ಅದಕ್ಕೆಂದೇ ಬೇರೆ ಡಬ್ಬ, ಬೇರೆ ಪೈಪು ಇಟ್ಟು, ಗುರುತಿಗೆ ಬಣ್ಣದ ಟೇಪು ಸುತ್ತುತ್ತಾರೆ. ಕೆಟ್ಟುಹೋದ ಹಳೆಯ ಪ್ಲಾಸ್ಟಿಕ್ ಬಕೆಟ್ಟಿಗೆ ಇದಕ್ಕಿಂತ ಒಳ್ಳೆಯ ಪುನರ್ವಸತಿ ಇಲ್ಲ.

ಉಳಿದವರು ಲೆಕ್ಕ ಹಾಕಿ ನೋಡಲಿ. ಮೆದು ಪೈಪು, ರಬ್ಬರ್ ಉಂಗುರ, ಗ್ಯಾಸ್ಕೆಟ್, ಪ್ಲಾಸ್ಟಿಕ್ ನಲ್ಲಿ ಇವೆಲ್ಲ ಸೇರಿದರೂ ಒಂದು ಬ್ಯಾಚಿನ ಬಾರ್ಲಿ, ಹಾಪ್ಸ್, ಯೀಸ್ಟಿಗಿಂತ ಅಗ್ಗ. ಬಿಚ್ಚಿ ತೊಳೆದು, ಸ್ಯಾನಿಟೈಸರ್ ಬದಲಿಸಿ ನೋಡಿದ ಮೇಲೂ ಅದೇ ಹುಳಿ ಮತ್ತೆ ಬಂದರೆ ಇವನ್ನೆಲ್ಲ ಕಸಕ್ಕೆ ಹಾಕಿ, ಗೀರುಬಿದ್ದ ಡಬ್ಬವನ್ನೂ ಅವುಗಳ ಜೊತೆಗೆ. ಸ್ಟೀಲು, ಗಾಜು ಉಳಿಸಿಕೊಳ್ಳಿ. ಹೊಸ ಪೈಪನ್ನು ಮುಂದೆ ಬಳಸಿದ ದಿನವೇ, ಗಸಿ ಒಣಗುವ ಮೊದಲೇ ತೊಳೆದು ನೇತುಹಾಕಿ.